ಕಣ್ಣಿಗೆ 60 ಫ್ರೇಮ್‌ಗಿಂತ ಹೆಚ್ಚು ಕಾಣುವುದೇ ಇಲ್ಲವೇ? ಗೇಮ್‌ಗಾಗಿ ಹೊಸ ಫೋನ್ ಕೊಳ್ಳುವ ಮುನ್ನ ಓದಿ

"ಮನುಷ್ಯನ ಕಣ್ಣು ಸೆಕೆಂಡಿಗೆ 60 ಫ್ರೇಮ್ ಮಾತ್ರ ನೋಡಬಲ್ಲದು, 120 ಎಫ್‌ಪಿಎಸ್ ಎನ್ನುವುದು ಕಂಪನಿಗಳ ಮೋಸ" ಎಂಬ ಮಾತು ಗೇಮ್ ಆಡುವವರ ನಡುವೆ ಆಗಾಗ ಕೇಳಿಬರುತ್ತದೆ. ಅದರ ಬೆನ್ನಿಗೇ "120 ಇಲ್ಲದಿದ್ದರೆ ಬಿಜಿಎಂಐನಲ್ಲಿ ಗೆಲ್ಲೋಕೇ ಆಗಲ್ಲ" ಎನ್ನುವ ಇನ್ನೊಂದು ಮಾತು. ಮೊದಲನೆಯದು ಸುಳ್ಳು. ಎರಡನೆಯದನ್ನು ನಂಬಿ ಮನೆಯವರಿಂದ ಕಂತಿನಲ್ಲಿ ಹೊಸ ಫೋನ್ ಕೊಡಿಸಿಕೊಳ್ಳುವ ಮೊದಲು ಸ್ವಲ್ಪ ಲೆಕ್ಕ ನೋಡೋಣ.

ಕಣ್ಣು ಕ್ಯಾಮೆರಾದಂತೆ ಬಿಡಿ ಬಿಡಿ ಫ್ರೇಮ್‌ಗಳಲ್ಲಿ ನೋಡುವುದಿಲ್ಲ. ಬೆಳಕು ಅದನ್ನು ನಿರಂತರವಾಗಿ ತಲುಪುತ್ತಲೇ ಇರುತ್ತದೆ. ಸಿನಿಮಾದ 24 ಫ್ರೇಮ್ ಕೂಡ ಕಣ್ಣಿನ ಮಿತಿಯಲ್ಲ. 1920ರ ದಶಕದ ಕೊನೆಯಲ್ಲಿ ಮಾತಿನ ಚಿತ್ರಗಳು ಬಂದಾಗ, ಧ್ವನಿಯೂ ಚೆನ್ನಾಗಿರಬೇಕು, ಫಿಲ್ಮಿನ ಖರ್ಚೂ ಮೀರಬಾರದು ಎಂದು ಒಪ್ಪಿಕೊಂಡ ಸಂಖ್ಯೆ ಅದು.

ಕಂಬಳದ ಕರೆಯನ್ನೇ ನೆನಪಿಸಿಕೊಳ್ಳಿ. 2020ರ ಫೆಬ್ರುವರಿಯಲ್ಲಿ ಮೂಡಬಿದಿರೆ ಸಮೀಪದ ಮಿಜಾರಿನ ಶ್ರೀನಿವಾಸ ಗೌಡರು ಕೋಣಗಳೊಂದಿಗೆ ಸೆಕೆಂಡಿಗೆ ಸುಮಾರು 10.5 ಮೀಟರ್ ವೇಗದಲ್ಲಿ ಓಡಿದ ವಿಡಿಯೊ ನಿಮಗೂ ಫಾರ್ವರ್ಡ್ ಆಗಿ ಬಂದಿರಬಹುದು. ಆ ವೇಗದ ಓಟವನ್ನು 30 ಎಫ್‌ಪಿಎಸ್‌ನಲ್ಲಿ ಚಿತ್ರೀಕರಿಸಿದರೆ ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಓಟಗಾರ 35 ಸೆಂಟಿಮೀಟರ್ ಹಾರಿರುತ್ತಾನೆ. 60ರಲ್ಲಿ ಇದು 17.5, 120ರಲ್ಲಿ ಸುಮಾರು 9. ಗೇಮ್‌ನಲ್ಲಿ ಅಡ್ಡ ಓಡುವ ಎದುರಾಳಿಗೆ ಗುರಿ ಇಡುವಾಗಲೂ ಹೀಗೆಯೇ: ಜಿಗಿತ ಚಿಕ್ಕದಾದಷ್ಟೂ ಗುರಿ ಸುಲಭ.

ಆದರೆ ಲಾಭ ಕಡಿಮೆಯಾಗುತ್ತಾ ಹೋಗುತ್ತದೆ. 30ರಿಂದ 60ಕ್ಕೆ ಹೋದರೆ ಪ್ರತಿ ಫ್ರೇಮಿಗೆ 16.7 ಮಿಲಿಸೆಕೆಂಡ್ ಉಳಿತಾಯ. 60ರಿಂದ 120ಕ್ಕೆ 8.3, 120ರಿಂದ 240ಕ್ಕೆ ಬರೀ 4.2. ಕಂಡದ್ದಕ್ಕೆ ಬೆರಳು ಆಡಿಸಲು ನಮಗೇ ಸುಮಾರು 200 ಮಿಲಿಸೆಕೆಂಡ್ ಬೇಕು.

ಇನ್ನು ನೆಟ್‌ವರ್ಕ್. ಬೆಳ್ತಂಗಡಿಯ ಘಟ್ಟದ ಬುಡದಲ್ಲೋ ಬಂಟ್ವಾಳದ ತೋಟದ ಮನೆಯಲ್ಲೋ ಕುಳಿತು ಆಡುವವರಿಗೆ ಇದನ್ನು ವಿವರಿಸಬೇಕಿಲ್ಲ. ಪಿಂಗ್ 40ರಿಂದ 150 ಮಿಲಿಸೆಕೆಂಡಿಗೆ ಏರಿದರೆ 8 ಮಿಲಿಸೆಕೆಂಡಿನ ಉಳಿತಾಯ ಲೆಕ್ಕಕ್ಕೇ ಬರುವುದಿಲ್ಲ. ಜತೆಗೆ ಹೆಚ್ಚು ಫ್ರೇಮ್ ಎಂದರೆ ಹೆಚ್ಚು ಬಿಸಿ. ನಮ್ಮ ಏಪ್ರಿಲ್ ಸೆಕೆಯಲ್ಲಿ ಕಾದ ಫೋನ್ ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. 120ರಿಂದ 50ಕ್ಕೆ ಬಿದ್ದು ಏಳುವುದಕ್ಕಿಂತ ಒಂದೇ ಸಮನೆ ಓಡುವ 60 ಎಷ್ಟೋ ವಾಸಿ.

ಪರದೆ 60 ಹರ್ಟ್ಸ್‌ನದಾಗಿದ್ದರೆ ಗೇಮ್ 120 ಫ್ರೇಮ್ ತಯಾರಿಸಿದರೂ ತೋರಿಸುವುದು 60 ಮಾತ್ರ. ಈಗಿರುವ ಫೋನಿನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ರಿಫ್ರೆಶ್ ರೇಟ್ ಎಷ್ಟಿದೆ ನೋಡಿ. ಕೆಲವು ಫೋನ್‌ಗಳಲ್ಲಿ 90 ಅಥವಾ 120 ಇದ್ದರೂ ಬ್ಯಾಟರಿ ಉಳಿಸಲು 60ಕ್ಕೇ ಇಟ್ಟಿರುತ್ತಾರೆ.