ತಮ್ಮನ ಮದುವೆ, ಕಾಕನ ರಜೆ

"ಈ ಸಲ ರಜೆ ಸಿಗುವ ಹಾಗೆ ಕಾಣುವುದಿಲ್ಲ ಉಮ್ಮಾ. ನೀವು ಮದುವೆ ಮಾಡಿ ಮುಗಿಸಿ."

ಜುಬೈಲಿನಿಂದ ಕಾಕ ಫೋನಿನಲ್ಲಿ ಹೇಳಿದ್ದು ಇಷ್ಟೆ. ಉಮ್ಮ ಫೋನ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತರು. ಆಮೇಲೆ "ಕಂಪೆನಿಯಲ್ಲಿ ಕೆಲಸ ಜಾಸ್ತಿ ಉಂಟಂತೆ" ಎಂದು ತಮಗೆ ತಾವೇ ಹೇಳಿಕೊಂಡು ಅಡುಗೆಮನೆಗೆ ಹೋದರು. ಕಾರಣ ಕಂಪೆನಿಯ ಕೆಲಸ ಅಲ್ಲ ಎಂದು ಉಮ್ಮನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ತಮ್ಮನ ಮದುವೆಗೆ ಇದ್ದದ್ದು ಇನ್ನು ಎರಡೇ ತಿಂಗಳು.

ನಾವು ಎಂದರೆ ಮನೆಯ ಇಬ್ಬರು ಹೆಣ್ಣುಮಕ್ಕಳು. ನಮ್ಮ ಮೇಲೆ ಒಬ್ಬ ಕಾಕ, ಕೆಳಗೊಬ್ಬ ತಮ್ಮ. ಮದುವೆಯಾಗಿ ಬೇರೆ ಬೇರೆ ಮನೆ ಸೇರಿದ್ದರೂ ತವರಿನಲ್ಲಿ ಮದುವೆ ಎಂದರೆ ನಮಗೆ ಎರಡು ತಿಂಗಳ ಮೊದಲೇ ಕಾಲು ನಿಲ್ಲುವುದಿಲ್ಲ. ಯಾವ ಬಣ್ಣದ ಬಟ್ಟೆ, ಮೈಲಾಂಜಿಯ ರಾತ್ರಿಗೆ ಯಾರನ್ನೆಲ್ಲ ಕರೆಯುವುದು, ನೈಚೋರು ಮಾಡುವುದಾ ಬಿರಿಯಾನಿಯಾ ಎಂದು ದಿನವೂ ಮಾತು. ಆ ಒಂದು ಫೋನ್ ಬಂದ ಮೇಲೆ ಮನೆಯಲ್ಲಿ ಮದುವೆಯ ಸುದ್ದಿ ಎತ್ತಲು ಯಾರಿಗೂ ಬಾಯಿ ಬರಲಿಲ್ಲ.

ಇದನ್ನು ಇಲ್ಲಿ ಹೇಳುತ್ತಿರುವುದು ನಮ್ಮ ಮನೆಯ ದೂರು ಹೇಳಲಿಕ್ಕೆ ಅಲ್ಲ. ಪರಿಚಯದವರಲ್ಲಿ ಮಾತಾಡಿದಾಗ ಹೆಚ್ಚುಕಡಿಮೆ ಎಲ್ಲ ಮನೆಯಲ್ಲೂ ಇಂಥದ್ದೊಂದು ಕಥೆ ಇದ್ದೇ ಇದೆ ಎಂದು ತಿಳಿಯಿತು. ಒಬ್ಬರ ಮನೆಯಲ್ಲಿ ಅಣ್ಣ ತಮ್ಮಂದಿರು ಮದುವೆಯ ಹಿಂದಿನ ದಿನದವರೆಗೂ ಮಾತು ಬಿಟ್ಟಿದ್ದರು. ಇನ್ನೊಬ್ಬರ ಮನೆಯಲ್ಲಿ ಅಕ್ಕ ಊಟಕ್ಕೆ ಮಾತ್ರ ಬಂದು ಹೋದಳು. ಹೊರಗಿನವರು ನೋಡಿದರೆ ಎಲ್ಲವೂ ಚಂದ. ಒಳಗೆ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ.

ಕಾಗದದ ಒಂದು ಸಾಲು

ನಮ್ಮ ಬಾಪ ಸೈಕಲಿನಲ್ಲಿ ಮೀನು ಮಾರುತ್ತಿದ್ದವರು. ಅವರು ತೀರಿಕೊಂಡಾಗ ತಮ್ಮನಿಗೆ ನಾಲ್ಕು ವರ್ಷ. ಉಮ್ಮ ಬೀಡಿಯ ತಡ್ಪೆ ಮಡಿಲಿಗೆ ಹಾಕಿಕೊಂಡು ಕುಳಿತವರು, ರಾತ್ರಿ ಮಲಗುವ ತನಕ ಏಳುತ್ತಿರಲಿಲ್ಲ. 2001ರಲ್ಲಿ ಕಾಕ ಸೌದಿಗೆ ಹೋದ. ಆಗ ಅವನಿಗೆ ಇಪ್ಪತ್ತು. ಮಂಗಳೂರಿನಿಂದ ಗಲ್ಫಿಗೆ ವಿಮಾನ ಇಲ್ಲದ ಕಾಲ ಅದು. ಬಸ್ಸಿನಲ್ಲಿ ಬೊಂಬಾಯಿಗೆ ಹೋಗಿ ಅಲ್ಲಿಂದ ಹತ್ತಬೇಕಿತ್ತು. ಕಾಕ ಬಸ್ಸು ಹತ್ತಿದ ರಾತ್ರಿ ಉಮ್ಮ ಬೀಡಿ ಕಟ್ಟಲಿಲ್ಲ. ನಮಗೆ ನೆನಪಿರುವ ಹಾಗೆ ಅವರು ಸುಮ್ಮನೆ ಕುಳಿತ ರಾತ್ರಿ ಅದೊಂದೇ.

2005ರಲ್ಲಿ ನಮ್ಮಲ್ಲಿ ದೊಡ್ಡವಳ ಮದುವೆ, 2012ರಲ್ಲಿ ಚಿಕ್ಕವಳದ್ದು. ಎರಡಕ್ಕೂ ಹಣ ಕಾಕನದ್ದು. ಬಾಪ ಇಲ್ಲ, ಅಜ್ಜನೂ ಇಲ್ಲ. ಹಾಗಾಗಿ ಇಬ್ಬರ ನಿಖಾಹ್‌ಗೂ ವಲಿಯಾಗಿ ಕುಳಿತು ಕೈ ಹಿಡಿದು ಒಪ್ಪಿಸಿದವನೂ ಅವನೇ. ಅವನ ಸ್ವಂತ ಮದುವೆ ಆದದ್ದು 2013ರಲ್ಲಿ, ಮೂವತ್ತೆರಡನೇ ವಯಸ್ಸಿಗೆ. ಅಂಗಳದಲ್ಲಿ ಶಾಮಿಯಾನ, ನೆರೆಯವರೇ ಸೇರಿ ಬೇಯಿಸಿದ ಬಿರಿಯಾನಿ, ನಲವತ್ತು ದಿನದ ರಜೆ. ಹೆಣ್ಣಿನ ಮನೆಯಿಂದ ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ. ಆಗ ಅದನ್ನು ಯಾರೂ ಹೊಗಳಿದ್ದು ನಮಗೆ ನೆನಪಿಲ್ಲ.

ತಮ್ಮ ಎಂಜಿನಿಯರಿಂಗ್ ಓದಿದ್ದು ಕಾಕನ ದುಡ್ಡಿನಲ್ಲಿ. ಈಗ ಬೆಂಗಳೂರಿನಲ್ಲಿ ಕೆಲಸ. ಅವನೂ ವರದಕ್ಷಿಣೆ ಬೇಡ ಎಂದ, 5 ಪವನ್ ಮಹ್ರ್ ಕೊಡುತ್ತೇನೆ ಎಂದ. ಊರಿನವರು "ಹುಡುಗ ಅಂದ್ರೆ ಹೀಗಿರಬೇಕು" ಎಂದು ಬೆನ್ನು ತಟ್ಟಿದರು. ಎ.ಸಿ. ಹಾಲ್ ಬುಕ್ ಆಯಿತು. ಹಾಲಿನ ಫೋಟೋವನ್ನು ಅವನು ಮನೆಯವರ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿದ. ಕಾಕ ಹೆಬ್ಬೆರಳಿನ ಗುರುತು ಹಾಕಿ ಸುಮ್ಮನಾದ.

ಆಮೇಲೆ ಮದುವೆಯ ಕಾಗದ ಬಂತು. ಆಹ್ವಾನಿಸುವವರ ಜಾಗದಲ್ಲಿ ಮೊದಲು ಉಮ್ಮನ ಹೆಸರು, ಮತ್ತೆ ಮಾಮನ ಹೆಸರು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ "ಹಾಗೂ ಸಹೋದರ, ಸಹೋದರಿಯರು". ಯಾರೂ ಬೇಕೆಂದು ಮಾಡಿದ್ದಲ್ಲ. ಊರಿನಲ್ಲಿ ಇರುವವರು ಮಾಮ, ಓಡಾಡುವವರು ಅವರು, ಅವರ ಹೆಸರು ಹೋಯಿತು. ನಾವೂ ಕಾಗದ ನೋಡಿ "ಚಂದ ಉಂಟು" ಎಂದೆವು. ಕಾಕನ ಫೋನ್ ಬಂದದ್ದು ಅದರ ಮೂರನೇ ದಿನ.

ಇಲ್ಲಿ ನಮ್ಮ ತಪ್ಪನ್ನೂ ಹೇಳಬೇಕು. ಅದಕ್ಕೆ ಮೊದಲೇ ನಾವು ಕಾಕನಿಗೆ ಫೋನ್ ಮಾಡಿ "ನಿನ್ನ ಮದುವೆಗೆ ಅಂಗಳದಲ್ಲಿ ಶಾಮಿಯಾನ, ಇವನಿಗೆ ನೋಡು ಎ.ಸಿ. ಹಾಲ್" ಎಂದು ನಗಾಡಿದ್ದೆವು. ಅವನ ಮೇಲಿನ ಪ್ರೀತಿಯಿಂದ ಹೇಳಿದ್ದು ಎಂದು ನಮ್ಮ ಅಂದಾಜು. ನಿಜ ಹೇಳಬೇಕೆಂದರೆ ನಮ್ಮ ಹೊಟ್ಟೆಯೊಳಗೂ ಸ್ವಲ್ಪ ಉರಿ ಇತ್ತು.

ಪವನಿನ ಲೆಕ್ಕ

ಉರಿ ಎಂತಕ್ಕೆ? ನಮ್ಮಿಬ್ಬರೊಳಗೂ ಒಂದು ಹಳೇ ಲೆಕ್ಕ ಉಂಟು. ದೊಡ್ಡವಳಿಗೆ ಮದುವೆಯಲ್ಲಿ ಹಾಕಿದ್ದು 25 ಪವನ್. ಚಿಕ್ಕವಳಿಗೆ 15. "ನನಗೆ 10 ಪವನ್ ಕಡಿಮೆ" ಎಂದು ಚಿಕ್ಕವಳು. "ನಿನಗೆ ಖರ್ಚು ಮಾಡಿದ ಹಣ ನನ್ನ ಎರಡು ಪಾಲು" ಎಂದು ದೊಡ್ಡವಳು. ವಿಚಿತ್ರ ಎಂದರೆ ಇಬ್ಬರು ಹೇಳುವುದೂ ಸರಿಯೇ. 2005ರಲ್ಲಿ ಪವನಿಗೆ ಐದು ಸಾವಿರದ ಆಸುಪಾಸು. 2012ರಲ್ಲಿ ಇಪ್ಪತ್ತು ಸಾವಿರ ದಾಟಿತ್ತು. ಈಗ ತಮ್ಮ ಕೊಡುವ 5 ಪವನ್ ಮಹ್ರ್‌ನ ಬೆಲೆ, ದೊಡ್ಡವಳ 25 ಪವನಿಗೆ ಅಂದು ಕೊಟ್ಟ ಹಣಕ್ಕಿಂತ ಎಷ್ಟೋ ಹೆಚ್ಚು. ಪವನಿನಲ್ಲಿ ಅಳೆದರೆ ಒಬ್ಬರಿಗೆ ಕಡಿಮೆ, ರೂಪಾಯಿಯಲ್ಲಿ ಅಳೆದರೆ ಇನ್ನೊಬ್ಬರಿಗೆ ಕಡಿಮೆ. ಹದಿಮೂರು ವರ್ಷದಿಂದ ನಾವು ಈ ಲೆಕ್ಕ ಮಾಡುತ್ತಲೇ ಇದ್ದೇವೆ, ಕೂಡಿ ಬಂದಿಲ್ಲ. ಮುಂದೆ ಬರುವುದೂ ಇಲ್ಲ.

ಮನೆಯಲ್ಲಿ ಮದುವೆ ಎದ್ದಾಗ ಏಳುವ ಜಗಳ ಹೆಚ್ಚಾಗಿ ಹೊಸದಲ್ಲ. ಇಂಥ ಹಳೇ ಪುಸ್ತಕ ತೆರೆಯುತ್ತದೆ, ಅಷ್ಟೆ. ನನಗೆ ಎಷ್ಟು ಕೊಟ್ಟರು, ಅವನಿಗೆ ಎಷ್ಟು. ನನ್ನ ಮದುವೆಗೆ ಯಾರು ಓಡಾಡಿದರು, ಅವನದ್ದಕ್ಕೆ ಯಾರು. ನನ್ನನ್ನು ಕೇಳಿದರಾ, ಬರೇ ತಿಳಿಸಿದರಾ. ಬಾಯಿಯಲ್ಲಿ ಬರುವುದು ಹಾಲ್, ಪವನ್, ಬಟ್ಟೆ. ಮನಸ್ಸಿನಲ್ಲಿ ಇರುವುದು ನಾನು ಈ ಮನೆಗೆ ಮಾಡಿದ್ದು ಯಾರಿಗಾದರೂ ನೆನಪುಂಟಾ ಎಂಬ ಒಂದೇ ಪ್ರಶ್ನೆ.

ಮಕ್ಕಳ ನಡುವೆ ನ್ಯಾಯ

ಮಕ್ಕಳ ನಡುವಿನ ಈ ಸಂಕಟ ಹೊಸತಲ್ಲ. ಸಹಾಬಿ ನುಅ್‌ಮಾನ್ ಬಿನ್ ಬಶೀರ್ ಅವರು ತಮ್ಮದೇ ಬಾಲ್ಯದ ಪ್ರಸಂಗವನ್ನು ಹೇಳಿದ್ದಾರೆ. ತಂದೆ ಅವರಿಗೊಂದು ಉಡುಗೊರೆ ಕೊಟ್ಟರು. ಪ್ರವಾದಿ(ಸ)ಯವರು ಸಾಕ್ಷಿಯಾಗಬೇಕು ಎಂದು ತಾಯಿ ಹಟ ಹಿಡಿದರು. ತಂದೆ ಹೋಗಿ ಕೇಳಿದಾಗ ಪ್ರವಾದಿಯವರು ಕೇಳಿದ್ದು ಒಂದೇ ಮಾತು, ನಿಮ್ಮ ಎಲ್ಲ ಮಕ್ಕಳಿಗೂ ಹೀಗೆ ಕೊಟ್ಟಿದ್ದೀರಾ ಎಂದು. ಇಲ್ಲ ಎಂದಾಗ, ಅಲ್ಲಾಹನನ್ನು ಭಯಪಡಿ, ಮಕ್ಕಳ ನಡುವೆ ನ್ಯಾಯದಿಂದಿರಿ ಎಂಬ ಅರ್ಥದಲ್ಲಿ ಬುದ್ಧಿ ಹೇಳಿದರು. ತಂದೆ ಆ ಉಡುಗೊರೆಯನ್ನು ಹಿಂದಕ್ಕೆ ಪಡೆದರು. ಬುಖಾರಿಯಲ್ಲೂ ಮುಸ್ಲಿಮ್‌ನಲ್ಲೂ ಇರುವ ಹದೀಸ್ ಇದು. ನಮ್ಮಲ್ಲಿ ಮಗನ ಮದುವೆಗೆ ಜಾಗ ಮಾರುವಾಗ, ಕೊನೆಯವನ ಹೆಸರಿಗೆ ಮನೆ ಬರೆಯುವಾಗ ಈ ಪ್ರಶ್ನೆಯನ್ನು ಎಷ್ಟು ಮಂದಿ ಕೇಳಿಕೊಳ್ಳುತ್ತೇವೆ?

ಕುರ್‌ಆನಿನ 12ನೇ ಅಧ್ಯಾಯ ಸೂರಾ ಯೂಸುಫ್ ಪೂರ್ತಿ ಅಣ್ಣ ತಮ್ಮಂದಿರ ಕಥೆ. ತಂದೆಗೆ ನಮಗಿಂತ ಯೂಸುಫನ ಮೇಲೆ ಪ್ರೀತಿ ಹೆಚ್ಚು ಎಂಬ ಒಂದು ನೋವಿನಿಂದ ಶುರುವಾಗಿ ತಮ್ಮನನ್ನು ಬಾವಿಗೆ ಹಾಕುವವರೆಗೆ ಹೋಗುತ್ತದೆ. ಕೊನೆಯಲ್ಲಿ ಎಲ್ಲರೂ ಸೇರಿದಾಗ ಯೂಸುಫ್(ಅ) ತಂದೆಯ ಮುಂದೆ ಅಲ್ಲಾಹನ ಉಪಕಾರ ನೆನೆಯುತ್ತಾರೆ. ಸೆರೆಮನೆಯಿಂದ ಬಿಡಿಸಿದ್ದನ್ನು ಹೇಳುತ್ತಾರೆ. ಬಾವಿಯ ಸುದ್ದಿಯನ್ನು ಎತ್ತುವುದೇ ಇಲ್ಲ. ನನಗೂ ನನ್ನ ಸಹೋದರರಿಗೂ ನಡುವೆ ಶೈತಾನ ಒಡಕು ತಂದಿದ್ದ ಎಂದಷ್ಟೇ ಹೇಳುತ್ತಾರೆ. ಎದುರಿಗೆ ನಿಂತ ಅಣ್ಣಂದಿರ ತಲೆ ತಗ್ಗದ ಹಾಗೆ ಮಾತಾಡುವುದು ಹೇಗೆ ಎಂದು ನಾವು ಕಲಿಯಬೇಕಾದದ್ದು ಇಲ್ಲಿಂದ.

ಒಂದು ಶುಕ್ರವಾರ

ಆ ವಾರ ತಮ್ಮ ಬೆಂಗಳೂರಿನಿಂದ ಬಂದಿದ್ದ. ಜುಮಾ ಮುಗಿಸಿ ಊಟ ಮಾಡಿ ಕುಳಿತಾಗ ನಾವೇ ಸುದ್ದಿ ಎತ್ತಿದೆವು. ಕಾಗದದಲ್ಲಿ ಕಾಕನ ಹೆಸರು ಇಲ್ಲದ್ದು ಸರಿಯಾಗಲಿಲ್ಲ ಎಂದೆವು.

ಮೊದಲು ಅವನಿಗೆ ಸಿಟ್ಟು ಬಂತು. "ಒಂದು ಸಾಲಿಗೆ ಬೇಕಾಗಿ ಇಷ್ಟೆಲ್ಲನಾ?" ಎಂದ. ಸ್ವಲ್ಪ ಹೊತ್ತು ಬಿಟ್ಟು ಅವನು ಹೇಳಿದ್ದು ನಾವು ಯಾವತ್ತೂ ಯೋಚಿಸದ ಮಾತು. "ನಾನು ಶಾಲೆಗೆ ಹೋದದ್ದು ಕಾಕನಿಂದ, ಕಾಲೇಜಿಗೆ ಹೋದದ್ದು ಕಾಕನಿಂದ ಅಂತ ನೀವು ನನಗೆ ದಿನಕ್ಕೆ ಹತ್ತು ಸಲ ಹೇಳಿದ್ದೀರಿ. ನನಗದು ಗೊತ್ತಿಲ್ವಾ? ಒಂದು ಮದುವೆಯನ್ನಾದರೂ ನನ್ನ ದುಡ್ಡಿನಲ್ಲಿ ಆಗಬೇಕು, ಕಾಕನಿಗೆ ಇನ್ನು ಭಾರ ಹಾಕಬಾರದು ಅಂತ ನಾನು ಸಾಲ ಮಾಡಿ ಹಾಲ್ ಹಿಡಿದದ್ದು. ಅದು ಅವನಿಗೆ ದೊಡ್ಡಸ್ತಿಕೆ ಕಂಡಿತಾ?"

ನಮಗೆ ಏನು ಹೇಳಬೇಕೆಂದು ತೋಚಲಿಲ್ಲ. ಭಾರ ಕಡಿಮೆ ಮಾಡಲು ತಮ್ಮ ಮಾಡಿದ್ದು ಕಾಕನಿಗೆ "ನೀನಿನ್ನು ಬೇಡ" ಎಂದು ಕೇಳಿಸಿತ್ತು. ಇಬ್ಬರೂ ಒಬ್ಬರಿಗೊಬ್ಬರು ಒಳ್ಳೆಯದೇ ಬಯಸಿದವರು. ಬಾಯಿ ಬಿಟ್ಟು ಹೇಳಿಕೊಳ್ಳಲಿಲ್ಲ, ಅಷ್ಟೆ.

ಉಮ್ಮ ಬಾಗಿಲಿನ ಹತ್ತಿರ ನಿಂತು ಎಲ್ಲ ಕೇಳುತ್ತಿದ್ದರು. "ತಪ್ಪು ನನ್ನದು. ಇಷ್ಟು ವರ್ಷದಲ್ಲಿ ಅವನಿಗೆ ಒಂದು ಸಲ 'ನೀನು ಮಾಡಿದ್ದರಿಂದ ನಾವು ಬದುಕಿದೆವು ಮಗಾ' ಅಂತ ನಾನು ಹೇಳಲಿಲ್ಲ. ಹೆತ್ತ ಮಗನಲ್ವಾ, ಹೇಳಬೇಕಾ ಅಂತ ಬಿಟ್ಟೆ" ಎಂದರು.

ಅವತ್ತು ರಾತ್ರಿ ತಮ್ಮ ಕಾಕನಿಗೆ ತಾನೇ ಫೋನ್ ಮಾಡಿದ. ನಾವು ಎದ್ದು ಹೊರಗೆ ಬಂದೆವು. ಒಂದು ಮಾತು ಮಾತ್ರ ಕಿವಿಗೆ ಬಿತ್ತು. "ಬಾಪ ಇದ್ದಿದ್ದರೆ ನಿಖಾಹ್‌ಗೆ ನನ್ನನ್ನು ಅವರೇ ಕರ್ಕೊಂಡು ಹೋಗ್ತಿದ್ರು. ಈಗ ನೀನು ಬಾರದಿದ್ರೆ ನಾನು ಯಾರೊಟ್ಟಿಗೆ ಹೋಗುವುದು ಕಾಕಾ?" ಆ ಕಡೆಯಿಂದ ಬಹಳ ಹೊತ್ತು ಸ್ವರ ಇರಲಿಲ್ಲ. ಆಮೇಲೆ ಉಮ್ಮ ಒಳಗೆ ಹೋಗಿ ಫೋನ್ ತೆಗೆದುಕೊಂಡರು.

ಕಾಗದ ಮತ್ತೆ ಪ್ರಿಂಟ್ ಆಯಿತು. ಉಮ್ಮನ ಹೆಸರಿನ ಕೆಳಗೆ ಕಾಕನ ಹೆಸರು, ಅದರ ಕೆಳಗೆ ಮಾಮನದ್ದು. "ಮೊದಲೇ ಹಾಗೆ ಆಗಬೇಕಿತ್ತು, ನನ್ನಲ್ಲಿ ಕೇಳಿದ್ದರೆ ನಾನೇ ಹೇಳುತ್ತಿದ್ದೆ" ಎಂದರು ಮಾಮ. ಹತ್ತು ದಿನ ಕಳೆದು ಗ್ರೂಪಿಗೆ ಕಾಕ ಒಂದು ಫೋಟೋ ಹಾಕಿದ. ವಿಮಾನದ ಟಿಕೆಟ್. ಹನ್ನೆರಡು ದಿನದ ರಜೆ. ಕಾಗದದ ಬಗ್ಗೆ ಅವನು ಇವತ್ತಿನವರೆಗೆ ಒಂದು ಮಾತು ಆಡಿಲ್ಲ.

ನಮಗೆ ತಿಳಿದದ್ದು

ಮದುವೆ ಎದುರಿಗಿಟ್ಟುಕೊಂಡ ಮನೆಯವರಿಗೆ ನಾವು ಹೇಳುವುದು ಇಷ್ಟು. ಹಾಲ್ ನೋಡುವ ಮೊದಲು, ಗ್ರೂಪಿಗೆ ಫೋಟೋ ಹಾಕುವ ಮೊದಲು, ದೂರದಲ್ಲಿರುವವರಿಗೆ ಒಂದು ಫೋನ್ ಮಾಡಿ "ಹೀಗೆ ಮಾಡುವ ಅಂತ ಉಂಟು, ಎಂತ ಹೇಳ್ತೀ?" ಎಂದು ಕೇಳಿ. ಕಾಗದದ ಹೆಸರುಗಳನ್ನು ಪ್ರಿಂಟಿಗೆ ಕೊಡುವ ಮೊದಲು ಎಲ್ಲರೂ ಒಟ್ಟಿಗೆ ಓದಿ. ಅಣ್ಣನೋ ಅಕ್ಕನೋ ಮದುವೆಗೆ ಹಣ ಕೊಡುವುದಾದರೆ ಅದು ಉಡುಗೊರೆಯಾ, ಸಾಲವಾ ಎಂದು ಕೊಡುವ ದಿನವೇ ಮಾತಾಡಿ. ಸಾಲವಾದರೆ ಬರೆದಿಡಿ. ಬರೆದಿಡಬೇಕೆಂದು ಕುರ್‌ಆನ್ ಹೇಳಿದ ಮೇಲೆ ಅಣ್ಣ ತಮ್ಮಂದಿರ ನಡುವೆ ಅದಕ್ಕೆ ಎಂತ ನಾಚಿಕೆ?

ಒಡಹುಟ್ಟಿದವರ ಕಿವಿಯಲ್ಲಿ "ನಿನಗೆ ಹಾಗೆ ಮಾಡಿದ್ರು, ಅವನಿಗೆ ಹೀಗೆ" ಎಂದು ಊದುವುದನ್ನು ಹೆಣ್ಣುಮಕ್ಕಳಾದ ನಾವು ಮೊದಲು ಬಿಡಬೇಕು. ಮನೆಗೆ ಬರುವ ಹೊಸ ಹುಡುಗಿಯ ಮುಂದೆಯಂತೂ ಹಳೇ ಲೆಕ್ಕದ ಪುಸ್ತಕ ತೆರೆಯಲೇಬಾರದು. ಅವಳು ಬರುವುದಕ್ಕೆ ಎಷ್ಟೋ ವರ್ಷ ಮೊದಲಿನ ಬಾಕಿಗೆ ಅವಳು ಯಾಕೆ ಉತ್ತರ ಹೇಳಬೇಕು?

ಮದುವೆಗೆ ಇನ್ನು ಮೂರು ವಾರ ಉಂಟು. ಕಾಕನ ಕೋಣೆಯನ್ನು ಉಮ್ಮ ಈಗಾಗಲೇ ಎರಡು ಸಲ ಗುಡಿಸಿ ಒರೆಸಿ ಆಗಿದೆ. ನಮ್ಮ ಪವನಿನ ಲೆಕ್ಕ ಮಾತ್ರ ಇನ್ನೂ ಮುಗಿದಿಲ್ಲ. ಮೊನ್ನೆ ಚಿಕ್ಕವಳು ಮತ್ತೆ ಸುದ್ದಿ ಎತ್ತಿದಳು, ದೊಡ್ಡವಳು ಉತ್ತರ ಕೊಡಲು ಹೊರಟಳು. ಉಮ್ಮ ಇಬ್ಬರ ಕೈಗೂ ಒಂದೊಂದು ಗ್ಲಾಸು ಸುಲೈಮಾನಿ ಕೊಟ್ಟು, "ಕಾಕ ಬಂದ ಮೇಲೆ ಅವನಲ್ಲೇ ಕೇಳಿ, ಕೊಟ್ಟವನಿಗೆ ಲೆಕ್ಕ ನೆನಪುಂಟಾ ನೋಡುವ" ಎಂದರು. ನಮಗೆ ಗೊತ್ತು, ಅವನಿಗೆ ನೆನಪಿರುವುದಿಲ್ಲ.