ಮನಸ್ಸಿನ ಮಂಕು ಮತ್ತು ಅದರ ಚಿಕಿತ್ಸೆ

ಬೇಸರ, ದುಗುಡ, ಕೊರಗು, ಮಂಕು — ಮನಸ್ಸು ಕುಗ್ಗುವುದಕ್ಕೆ ಕನ್ನಡದಲ್ಲಿ ಹೆಸರುಗಳ ಬರಗಾಲವಿಲ್ಲ. ಆದರೆ ಇವುಗಳಲ್ಲಿ ಯಾವುದನ್ನು ಕೇಳಿದರೂ ಅದೊಂದು ಕಾಯಿಲೆಯೆಂದು ನಮಗೆ ತೋರುವುದಿಲ್ಲ. ಜ್ವರ ಬಂದವನನ್ನು ಯಾರೂ ಬೈಯುವುದಿಲ್ಲ. ಮಂಕು ಕವಿದವನಿಗೆ ಮಾತ್ರ ‘ಸೋಮಾರಿ’ ಎಂಬ ಬಿರುದು ಸುಲಭವಾಗಿ ದೊರಕುತ್ತದೆ. ವೈದ್ಯರು ‘ಖಿನ್ನತೆ’ ಎಂದು ಕರೆಯುವ ಈ ಕಾಯಿಲೆಯನ್ನು ಕಳೆದ ವರ್ಷ ನಾನೇ ಅನುಭವಿಸಿದೆನಾದ್ದರಿಂದ, ಅದರ ಚಿಕಿತ್ಸೆಯ ವಿಷಯದಲ್ಲಿ ನಾನು ತಿಳಿದುಕೊಂಡ ಕೆಲವು ಸಂಗತಿಗಳನ್ನು ಸಹಪಾಠಿಗಳ ಮುಂದೆ ಇಡಬಯಸುತ್ತೇನೆ.

ಪರೀಕ್ಷೆಯಲ್ಲಿ ನಪಾಸಾಗಿ ನಾಲ್ಕು ದಿನ ಊಟ ರುಚಿಸದಿದ್ದರೆ ಅದು ಕಾಯಿಲೆಯಲ್ಲ. ಎರಡು ವಾರ ಅಥವಾ ಅದಕ್ಕೂ ಮೀರಿ, ಹೆಚ್ಚುಕಡಿಮೆ ಪ್ರತಿದಿನವೂ, ದಿನದ ಬಹುಪಾಲು ಮನಸ್ಸು ಕುಗ್ಗಿರುವುದು ಅಥವಾ ಯಾವುದರಲ್ಲಿಯೂ ಆಸಕ್ತಿ ಹುಟ್ಟದಿರುವುದು. ಅದರೊಡನೆ ನಿದ್ರೆ, ಹಸಿವು, ಏಕಾಗ್ರತೆಗಳು ಕೆಡುವುದು. ತಾನು ಯಾವುದಕ್ಕೂ ಬಾರದವನೆಂಬ ಭಾವನೆ. ಕೆಲವೊಮ್ಮೆ ಸಾವಿನ ಯೋಚನೆ — ಇವು ಅದರ ಲಕ್ಷಣಗಳು. ಕಣ್ಣೀರು ಬರಲೇಬೇಕೆಂದಿಲ್ಲ. ನಮ್ಮಲ್ಲಿ ಅನೇಕರು ತಲೆನೋವು, ಸುಸ್ತು, ಎದೆಯುರಿ ಎಂದು ಹೇಳಿ ಟಾನಿಕ್ಕು ಬರೆಸಿಕೊಂಡು ಬರುವುದುಂಟು. ನನಗೂ ಅಳು ಬರಲಿಲ್ಲ. ಬೆಳಗಿನ ಜಾವ 3 ಗಂಟೆಗೆ ಎಚ್ಚರವಾಗುತ್ತಿತ್ತು. ಒಂದೇ ಪುಟವನ್ನು ಏಳು ಸಲ ಓದಿದರೂ ತಲೆಗೆ ಹತ್ತುತ್ತಿರಲಿಲ್ಲ. ಹಾಸ್ಟೆಲ್ಲಿನ ಸಾರು ಮಣ್ಣಿನಂತೆ ತೋರುತ್ತಿತ್ತು. (ಇದೊಂದನ್ನು ರೋಗಲಕ್ಷಣವೆಂದು ಒಪ್ಪಲು ನನ್ನ ಹಾಸ್ಟೆಲ್ ಮಿತ್ರರು ಸಿದ್ಧರಿಲ್ಲ.)

ನಮ್ಮ ಊರಿನ ಹಿರಿಯರೊಬ್ಬರು, “ಅರ್ಜುನನಿಗೂ ವಿಷಾದ ಬಂದಿತ್ತಪ್ಪ, ಕೃಷ್ಣನ ಮಾತು ಕೇಳಿ ಎದ್ದು ನಿಲ್ಲಲಿಲ್ಲವೆ?” ಎಂದು ಧೈರ್ಯ ಹೇಳಿದರು. ಮಾತು ಒಳ್ಳೆಯದೇ. ಆದರೆ ಅರ್ಜುನನ ದುಃಖಕ್ಕೆ ಕಾರಣ ಎರಡು ಸೇನೆಗಳ ರೂಪದಲ್ಲಿ ಕಣ್ಣೆದುರಿಗೇ ನಿಂತಿತ್ತು. ನನ್ನದಕ್ಕೆ ಬೊಟ್ಟುಮಾಡಿ ತೋರಿಸುವಂತಹ ಕಾರಣವೇ ಇರಲಿಲ್ಲ. ಕಡೆಗೆ ನನ್ನ ಕೋಣೆಯ ಗೆಳೆಯನೇ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಲ್ಲಿಗೆ ಕರೆದೊಯ್ದ.

ಅಲ್ಲಿ ಹೋದೊಡನೆ ಮಾತ್ರೆ ಬರೆದುಕೊಡುತ್ತಾರೆಂದು ನಾನು ತಿಳಿದಿದ್ದೆ. ಹಾಗಾಗಲಿಲ್ಲ. ರಕ್ತಹೀನತೆ, ಥೈರಾಯ್ಡ್ ಗ್ರಂಥಿಯ ಮಂದತೆ, ಬಿ-12 ಜೀವಸತ್ವದ ಕೊರತೆ ಇವುಗಳಿಂದಲೂ ಇಂತಹದೇ ಮಂಕು ಕವಿಯಬಹುದಾದ್ದರಿಂದ ಮೊದಲು ರಕ್ತ ಪರೀಕ್ಷೆ ಮಾಡಿಸಿದರು. ನಿದ್ರೆಯಿಲ್ಲದಿದ್ದರೂ ದಣಿವಿಲ್ಲದೆ ಮಿತಿಮೀರಿದ ಉತ್ಸಾಹದಿಂದ ಕಳೆದ ದಿನಗಳು ಹಿಂದೆ ಎಂದಾದರೂ ಇದ್ದುವೇ ಎಂದು ಕೇಳಿದರು. ಈ ಪ್ರಶ್ನೆಗೆ ಅರ್ಥವಿದೆ. ಕುಗ್ಗು ಮತ್ತು ಉಬ್ಬರ ಎರಡೂ ಬರುವ ಕಾಯಿಲೆ ಬೇರೆ. ಅದರಲ್ಲಿ ಖಿನ್ನತೆಯ ಮಾತ್ರೆಯನ್ನು ಮಾತ್ರ ಕೊಟ್ಟರೆ ಉಬ್ಬರವೇ ಕೆರಳಬಹುದು.

ಈ ಮಾತ್ರೆಗಳು ಹುಟ್ಟಿದ ಕಥೆ ಸ್ವಾರಸ್ಯವಾಗಿದೆ. 1952ರ ಸುಮಾರಿಗೆ ನ್ಯೂಯಾರ್ಕಿನ ಒಂದು ಆಸ್ಪತ್ರೆಯಲ್ಲಿ ಕ್ಷಯರೋಗಿಗಳಿಗೆ ಇಪ್ರೋನಿಯಾಜಿಡ್ ಎಂಬ ಔಷಧ ಕೊಟ್ಟಾಗ ಅವರು ವಿಶೇಷ ಉಲ್ಲಾಸಗೊಂಡುದು ಕಂಡುಬಂದಿತು. ಸ್ವಿಟ್ಜರ್ಲೆಂಡಿನ ವೈದ್ಯ ರೋಲಾಂಡ್ ಕೂನ್ ಇಮಿಪ್ರಮೀನ್ ಔಷಧದಿಂದ ಖಿನ್ನತೆ ಇಳಿಯುವುದನ್ನು 1957ರಲ್ಲಿ ಪ್ರಕಟಿಸಿದನು. ಇಂದು ಹೆಚ್ಚಾಗಿ ಕೊಡುವ ಫ್ಲೂಓಕ್ಸೆಟೀನ್, ಸರ್ಟ್ರಲೀನ್, ಎಸಿಟಾಲೋಪ್ರಾಮ್‌ಗಳು ಅನಂತರ ಬಂದವು. ಮೆದುಳಿನಲ್ಲಿ ಸಿರೊಟೋನಿನ್ ಎಂಬ ದ್ರವ್ಯ ಕಡಿಮೆಯಾಗಿರುತ್ತದೆ, ಮಾತ್ರೆ ಅದನ್ನು ತುಂಬುತ್ತದೆ ಎಂದು ಹೇಳುವುದು ವಾಡಿಕೆ. ವಿಷಯ ಅಷ್ಟು ಸರಳವಲ್ಲ. ಸಿರೊಟೋನಿನ್ ಮೇಲಿನ ಪರಿಣಾಮ ಕೆಲವೇ ಗಂಟೆಗಳಲ್ಲಿ ಆರಂಭವಾದರೂ ಮನಸ್ಸಿಗೆ ಗುಣ ಕಾಣಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ.

ಈ ವಾರಗಳೇ ಕಠಿನವಾದುವು. ಓಕರಿಕೆ, ತಲೆನೋವು, ಚಡಪಡಿಕೆಗಳು ಮೊದಲು ಬರುತ್ತವೆ. ಗುಣ ಆಮೇಲೆ ಬರುತ್ತದೆ. ಹತ್ತನೆಯ ದಿನ ಮಾತ್ರೆ ಬಿಟ್ಟವನು ಕಷ್ಟವನ್ನು ಮಾತ್ರ ಕಂಡು ಫಲವನ್ನು ಕಾಣದೆ ಹೋಗುತ್ತಾನೆ. 25 ವರ್ಷದೊಳಗಿನ ಕೆಲವರಲ್ಲಿ ಆರಂಭದ ದಿನಗಳಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚುವ ಸಂಭವವಿರುವುದರಿಂದ ನಮ್ಮ ವಯಸ್ಸಿನವರು ವೈದ್ಯರನ್ನು ಬೇಗಬೇಗನೆ ಕಾಣಬೇಕು, ಜೊತೆಯಲ್ಲಿ ಒಬ್ಬರಿರಬೇಕು. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮಾತ್ರೆ ಮುಂದುವರಿಸಿ, ವೈದ್ಯರು ಹೇಳಿದಂತೆ ಮೆಲ್ಲಮೆಲ್ಲಗೆ ಇಳಿಸಬೇಕು.

ಇನ್ನು ದಿನಚರಿಯ ಮಾತು. ಇದರ ಬಗ್ಗೆ ಉಪದೇಶ ಮಾಡದವರಿಲ್ಲ. ‘ಬೆಳಗ್ಗೆ ಏಳು, ವ್ಯಾಯಾಮ ಮಾಡು, ನಾಲ್ಕು ಜನರೊಡನೆ ಬೆರೆ.’ ಹಾಸಿಗೆಯಿಂದ ಕಾಲು ಕೆಳಗಿಡಲಾರದವನಿಗೆ ಇದನ್ನು ಹೇಳಿ ಫಲವೇನು? ಆಸ್ಪತ್ರೆಯ ಆಪ್ತಸಮಾಲೋಚಕಿಯವರ ರೀತಿ ಬೇರೆಯಾಗಿತ್ತು. ಮನಸ್ಸು ಬಂದರೆ ಮಾಡುತ್ತೇನೆ ಎನ್ನುವುದು ಆರೋಗ್ಯವಂತರ ಕ್ರಮ. ಈ ಕಾಯಿಲೆಯಲ್ಲಿ ಮೊದಲು ಮಾಡಬೇಕು, ಮನಸ್ಸು ಹಿಂದಿನಿಂದ ಬರುತ್ತದೆ ಎಂದು ಅವರು ತಿಳಿಸಿದರು. ಒಂದು ನೋಟುಬುಕ್ಕಿನಲ್ಲಿ ಮಾಡಿದ ಕೆಲಸವನ್ನೂ, ಅದರಿಂದಾದ ಸಮಾಧಾನಕ್ಕೆ ಹತ್ತಕ್ಕೆ ಎಷ್ಟು ಅಂಕವೆಂಬುದನ್ನೂ ಬರೆಯಿಸಿದರು. ಮೊದಲ ವಾರದ ಕೆಲಸ ಇಷ್ಟೆ: 6 ಗಂಟೆಗೆ ಎದ್ದು ಹಾಸ್ಟೆಲ್ಲಿನ ಗೇಟಿನವರೆಗೆ ಹೋಗಿ ಬರುವುದು. ನಾನು ಕೊಟ್ಟ ಅಂಕ ಒಂದು. ಎರಡನೆಯ ವಾರ ಚಹದ ಅಂಗಡಿಯವರೆಗೆ, ಅಂಕ ಎರಡು. ಆರನೆಯ ವಾರಕ್ಕೆ ಕೆರೆ ಏರಿಯ ಮೇಲೆ ಅರ್ಧ ಗಂಟೆ ನಡೆಯುತ್ತಿದ್ದೆ. ರಾತ್ರಿ ಎಷ್ಟೇ ಹೊತ್ತಿಗೆ ಮಲಗಿದರೂ ಏಳುವ ವೇಳೆ ಬದಲಾಗಕೂಡದು, ಸಂಜೆಯ ಮೇಲೆ ಕಾಫಿ ಕೂಡದು, ಹಾಸಿಗೆಯಲ್ಲಿ ಮೊಬೈಲು ಕೂಡದು ಎಂಬ ನಿಯಮಗಳೂ ಇದ್ದುವು. ಮೂರನೆಯದೇ ಎಲ್ಲಕ್ಕಿಂತ ಕಷ್ಟದ್ದು.

ನಡಿಗೆಯ ಗುಣ ಬರಿಯ ನಂಬಿಕೆಯಲ್ಲ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 50 ವರ್ಷ ದಾಟಿದ 156 ಖಿನ್ನರ ಮೇಲೆ ನಡೆಸಿ 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 16 ವಾರಗಳ ಕೊನೆಗೆ ವ್ಯಾಯಾಮ ಮಾಡಿದವರೂ ಮಾತ್ರೆ ತೆಗೆದುಕೊಂಡವರೂ ಹೆಚ್ಚುಕಡಿಮೆ ಸಮನಾಗಿ ಚೇತರಿಸಿಕೊಂಡರು. ಮಾತ್ರೆಯವರಿಗೆ ಗುಣ ಬೇಗ ಕಂಡಿತು. ಆದರೆ ಕಾಯಿಲೆ ತೀವ್ರವಾಗಿದ್ದಾಗ ನಡಿಗೆಯನ್ನೇ ನಂಬಿ ಕೂಡಬಾರದು. ನನ್ನ ಮಟ್ಟಿಗೆ ಹೇಳುವುದಾದರೆ, ಗೇಟಿನವರೆಗೆ ನಡೆಯುವಷ್ಟು ತ್ರಾಣ ಬಂದುದು ಮಾತ್ರೆಯ ಮೂರನೆಯ ವಾರ ಕಳೆದ ಮೇಲೆಯೇ. ಅದಕ್ಕೆ ಮುಂಚೆ ಗೆಳೆಯನು ಕೈಹಿಡಿದು ಕರೆದೊಯ್ಯುತ್ತಿದ್ದ. ಅವನು ಒಂದು ದಿನವೂ ‘ಧೈರ್ಯವಾಗಿರು’ ಎಂದವನಲ್ಲ. “ಏಳು, ಚಪ್ಪಲಿ ಹಾಕಿಕೊ” ಎನ್ನುತ್ತಿದ್ದ.

ಜಿಲ್ಲಾ ಆಸ್ಪತ್ರೆಗಳಲ್ಲಿ ಈ ಚಿಕಿತ್ಸೆ ದೊರೆಯುತ್ತದೆ. ಹೋಗಲು ಸಂಕೋಚಪಡುವವರು, ಅಥವಾ ರಾತ್ರಿಯ ಹೊತ್ತು ಸಾವಿನ ಯೋಚನೆ ಕಾಡುವವರು, 14416 ಸಂಖ್ಯೆಗೆ ಫೋನು ಮಾಡಬಹುದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಈ ಸರ್ಕಾರಿ ಸೇವೆ ಹಗಲಿರುಳೂ ಇದೆ. ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿಯೇ ಮಾತಾಡಬಹುದು. ಮಿತ್ರನಿಗಾಗಿ ಕೇಳುವವರೂ ಅಲ್ಲಿಗೆ ಫೋನು ಮಾಡಬಹುದು. ನನ್ನ ಮಾತ್ರೆಯನ್ನು ಈ ತಿಂಗಳಿನಿಂದ ಅರ್ಧಕ್ಕೆ ಇಳಿಸಿದ್ದಾರೆ. ಸಾರು ಮಾತ್ರ ಇದ್ದಂತೆಯೇ ಇದೆ.