ಎರಡು ಅಂಕ ವಾಪಸ್ ಕೊಟ್ಟ ಹುಡುಗಿ

ಒಂಬತ್ತನೇ ತರಗತಿಗೆ ಅರ್ಧವಾರ್ಷಿಕ ಪರೀಕ್ಷೆಯ ಉತ್ತರ ಪತ್ರಿಕೆ ಹಂಚಿ ಬೋರ್ಡ್ ಒರೆಸುತ್ತಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಪತ್ರಿಕೆ ಹಿಡಿದು ಬಂದಳು. "ಮಿಸ್, ಟೋಟಲ್ ತಪ್ಪಾಗೈತೆ." ಕಡಿಮೆ ಹಾಕಿದ್ದೇನೇನೋ ಎಂದು ಕೂಡಿ ನೋಡಿದೆ. 31 ಬರಬೇಕಾದ ಕಡೆ 33 ಹಾಕಿದ್ದೆ. ನನಗೆ ಸಂತೋಷ ತಡೆಯಲಾಗಲಿಲ್ಲ. "ನಿನ್ನ ಪ್ರಾಮಾಣಿಕತೆಗೆ ಆ ಎರಡು ಮಾರ್ಕ್ಸ್ ನಿನಗೇ ಇರಲಿ" ಎಂದೆ. ಇಡೀ ತರಗತಿ ಚಪ್ಪಾಳೆ ತಟ್ಟಿತು.

ಮುಂದಿನ ಟೆಸ್ಟ್ ಪೇಪರ್ ಕೊಟ್ಟಾಗ ನಾಲ್ಕು ಮಕ್ಕಳು ಸಾಲಾಗಿ ಬಂದು ನಿಂತವು. "ಮಿಸ್, ನಂಗೂ ಜಾಸ್ತಿ ಹಾಕಿದ್ದೀರಿ." ಮೂವರ ಟೋಟಲ್ ಸರಿಯಾಗಿಯೇ ಇತ್ತು. ಪ್ರಾಮಾಣಿಕತೆಗೆ ಎರಡು ಅಂಕದ ಬೆಲೆ ಉಂಟು ಎಂಬ ಪಾಠವನ್ನು ನಾನೇ ಕಲಿಸಿಬಿಟ್ಟಿದ್ದೆ.

ತುಮಕೂರು ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ 27 ವರ್ಷ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾಗಿದ್ದೇನೆ. ನೀತಿ ಶಿಕ್ಷಣದ ಬಗ್ಗೆ ಯಾರು ಕೇಳಿದರೂ ನನಗೆ ಮೊದಲು ನೆನಪಾಗುವುದು ಆ ಎರಡು ಅಂಕ.

ಆ ನಾಲ್ಕು ಮಕ್ಕಳು ಸಾಲಾಗಿ ಬಂದ ವಾರ, ಮೌಲ್ಯ ಶಿಕ್ಷಣದ ಪೀರಿಯಡ್‌ನಲ್ಲಿ ಪುಸ್ತಕ ಮುಚ್ಚಿಟ್ಟು ಮಕ್ಕಳನ್ನೇ ಕೇಳಿದೆ: ನಾನು ಮಾಡಿದ್ದು ಸರಿಯೇ? "ಮಾರ್ಕ್ಸ್ ವಾಪಸ್ ತಗೊಂಬಿಟ್ರೆ ಇನ್ಮೇಲೆ ಯಾರು ಹೇಳ್ತಾರೆ ಮಿಸ್?" ಎಂದ ಒಬ್ಬ. "ಆದ್ರೆ ಅದು ಅವಳು ಬರೆದು ತಗೊಂಡಿದ್ದಲ್ವಲ್ಲ" ಎಂದಳು ಇನ್ನೊಬ್ಬಳು. ಮಾತೇ ಆಡದ ಹುಡುಗನೊಬ್ಬ ಎದ್ದು ನಿಂತ: "ಹೇಳದೆ ಸುಮ್ನಿದ್ದೋರಿಗೆ ಜಾಸ್ತಿ, ಹೇಳಿದೋಳಿಗೆ ಕಮ್ಮಿ. ಅದು ನ್ಯಾಯನಾ ಮಿಸ್?" ಈ ಪ್ರಶ್ನೆಗೆ ನನ್ನ ಬಳಿ ಸಿದ್ಧ ಉತ್ತರ ಇರಲಿಲ್ಲ. ಕೊನೆಗೆ ಆ ಹುಡುಗಿಯೇ ಅಂದಳು: "ತೆಗೀರಿ ಮಿಸ್. ಇದ್ರೆ ನಂಗೇ ಒಂಥರಾ ಆಗ್ತದೆ." ಕೆಂಪು ಪೆನ್ನಿನಲ್ಲಿ 31 ಎಂದು ತಿದ್ದಿ ಸಹಿ ಹಾಕಿದೆ. ಅಂಕಪಟ್ಟಿಯಲ್ಲೂ ತಿದ್ದಿದೆ. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ನೀತಿಯ ಪಾಠ ಆಗಿದ್ದು ಆ 40 ನಿಮಿಷಗಳಲ್ಲಿ.

ನಮ್ಮ ದೇಶದಲ್ಲಿ ಈ ಪಾಠ ಬೇಡವೆಂದು ಹೇಳಿದವರು ಕಡಿಮೆ. ರಾಧಾಕೃಷ್ಣನ್ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಶಿಕ್ಷಣ ಆಯೋಗ 1949ರಲ್ಲೇ, ಕಾಲೇಜಿನ ದಿನ ಕೆಲ ನಿಮಿಷದ ಮೌನ ಧ್ಯಾನದಿಂದ ಶುರುವಾಗಲಿ ಎಂದಿತು. 1959ರಲ್ಲಿ ನೇಮಕವಾದ ಶ್ರೀಪ್ರಕಾಶ ಸಮಿತಿ ನೀತಿ ಬೋಧನೆಯನ್ನೇ ವಿಷಯವಾಗಿಟ್ಟುಕೊಂಡು ವರದಿ ಕೊಟ್ಟಿತು. 1964–66ರ ಕೊಠಾರಿ ಆಯೋಗ ವಾರಕ್ಕೆ ಒಂದೆರಡು ಪೀರಿಯಡ್ ಮೀಸಲಿಡಲು ಹೇಳಿತು. ಪೂರ್ತಿ ಸರ್ಕಾರಿ ಹಣದಲ್ಲಿ ನಡೆಯುವ ಶಾಲೆಗಳಲ್ಲಿ ಯಾವುದೇ ಧರ್ಮದ ಬೋಧನೆ ಕೂಡದು ಎನ್ನುತ್ತದೆ ಸಂವಿಧಾನದ 28ನೇ ವಿಧಿ. ಧರ್ಮಗಳ ಬಗ್ಗೆ ತಿಳಿಸುವುದು, ಮೌಲ್ಯಗಳನ್ನು ಕಲಿಸುವುದು ಇದಕ್ಕೆ ವಿರುದ್ಧವಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿತು. ಹಾಗಾಗಿ ದಾರಿಗೆ ಕಾನೂನಿನ ಅಡ್ಡಿಯಿಲ್ಲ. ಅಡ್ಡಿ ಇರುವುದು ನಮ್ಮ ವೇಳಾಪಟ್ಟಿಯಲ್ಲಿ. ಡಿಸೆಂಬರ್ ಬಂತೆಂದರೆ ಆ ಒಂದು ಪೀರಿಯಡ್ ಗಣಿತದ್ದೋ ಇಂಗ್ಲಿಷಿನದೋ ವಿಶೇಷ ತರಗತಿಯಾಗಿಬಿಡುತ್ತದೆ. ನಾನೂ ಎಷ್ಟೋ ವರ್ಷ ಬಿಟ್ಟುಕೊಟ್ಟಿದ್ದೇನೆ.

ಪೀರಿಯಡ್ ಉಳಿದರೂ ಬರೀ ಉಪದೇಶದಿಂದ ಆಗುವುದು ಅಷ್ಟರಲ್ಲೇ ಇದೆ. 1920ರ ದಶಕದಲ್ಲಿ ಅಮೆರಿಕದ ಹಾರ್ಟ್‌ಶೋರ್ನ್ ಮತ್ತು ಮೇ ಎಂಬ ಸಂಶೋಧಕರು 10 ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ಮೋಸ ಮಾಡಲು, ಸುಳ್ಳು ಹೇಳಲು ಅವಕಾಶ ಇಟ್ಟು ಪರೀಕ್ಷಿಸಿದರು. ಸರಿ ತಪ್ಪು ಯಾವುದೆಂದು ಬಾಯಲ್ಲಿ ಚೆನ್ನಾಗಿ ಹೇಳುವ ಮಗು ನಡತೆಯಲ್ಲೂ ಹಾಗೇ ಇರುತ್ತದೆಂಬ ಖಾತ್ರಿ ಅವರಿಗೆ ಸಿಗಲಿಲ್ಲ. ಒಂದು ಕಡೆ ನೇರವಾಗಿ ನಡೆದುಕೊಂಡ ಮಗುವೇ ಇನ್ನೊಂದು ಕಡೆ ಕಾಪಿ ಹೊಡೆದಿತ್ತು. ಮೇಷ್ಟ್ರು ಮಕ್ಕಳ ನಡುವೆ ವಿಶ್ವಾಸವಿದ್ದ ತರಗತಿಗಳಲ್ಲಿ ಮೋಸ ಕಡಿಮೆ ಇತ್ತು. ಮುಂದೆ ಲಾರೆನ್ಸ್ ಕೋಲ್‌ಬರ್ಗ್ ಎಂಬ ಮನಶ್ಶಾಸ್ತ್ರಜ್ಞ, ಇತ್ತ ಸರಿಯೋ ಅತ್ತ ಸರಿಯೋ ಎಂದು ತೊಡಕಾಗುವ ಪ್ರಸಂಗಗಳನ್ನು ಮಕ್ಕಳ ಮುಂದಿಟ್ಟು ವಾದ ಮಾಡಿಸಿದರು. ಹೆಂಡತಿ ಸಾಯುವ ಸ್ಥಿತಿಯಲ್ಲಿದ್ದಾಳೆ, ಔಷಧ ಕೊಳ್ಳಲು ಹಣವಿಲ್ಲ, ಗಂಡ ಕದಿಯಬಹುದೇ? ಮಗು ಹೌದು ಅಂದಿತೋ ಅಲ್ಲ ಅಂದಿತೋ ಅನ್ನುವುದಕ್ಕಿಂತ ಅದು ಕೊಡುವ ಕಾರಣ ಅವರಿಗೆ ಮುಖ್ಯವಾಗಿತ್ತು.

ನಮ್ಮ ಶಾಲೆಯಲ್ಲಿ ಇಂಥ ಪ್ರಸಂಗ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ, ಬಿಸಿಯೂಟದ ಸಾಲಿನಲ್ಲೇ ಸಿಗುತ್ತದೆ. ಬಡಿಸುವ ಮಕ್ಕಳು ಗೆಳೆಯರ ತಟ್ಟೆಗೆ ಸೌಟನ್ನು ತಳಕ್ಕೆ ಹಾಕಿ ಸಾಂಬಾರಿನ ತರಕಾರಿ ಎತ್ತುತ್ತಿದ್ದರು. ಉಳಿದವರಿಗೆ ಮೇಲಿನ ತಿಳಿ. ಬೈದರೆ ಎರಡು ದಿನ ಸರಿಹೋಗುತ್ತಿತ್ತು. ಏನು ಮಾಡೋಣವೆಂದು ಮಕ್ಕಳನ್ನೇ ಕೇಳಿದಾಗ ಅವರೇ ಎರಡು ನಿಯಮ ಮಾಡಿದರು: ಹಾಜರಿ ಸಂಖ್ಯೆಯ ಪ್ರಕಾರ ಎಲ್ಲರೂ ಸರದಿಯಲ್ಲಿ ಬಡಿಸಬೇಕು, ಬಡಿಸಿದವರು ಕೊನೆಗೆ, ಉಳಿದದ್ದನ್ನು ಉಣ್ಣಬೇಕು. ಮೊದಲ ದಿನವೇ ಸೌಟು ಅಳತೆಗೆ ಬಂತು. ಎಲ್ಲ ಜಾತಿಯ ಮಕ್ಕಳ ಕೈಯಿಂದ ಎಲ್ಲರೂ ಉಂಡರು. ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿನಲ್ಲಿ ಸಂವಿಧಾನದ ಪೀಠಿಕೆ ಓದಿಸುತ್ತೇವಲ್ಲ, ಅದರಲ್ಲಿನ ಸಮಾನತೆ ಎಂಬ ಮಾತು ಮಧ್ಯಾಹ್ನ ಊಟದ ಸಾಲಿನಲ್ಲಿ ಕಣ್ಣಿಗೆ ಕಂಡಿತು.

ಹೇಳಲು ಕಷ್ಟವಾದ ಮಾತೊಂದಿದೆ. 2023ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ. 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಕೃಪಾಂಕ ಹೆಚ್ಚಿಸಿದ ಮೇಲೂ ಫಲಿತಾಂಶ ಶೇ. 73.40ಕ್ಕೆ ಇಳಿಯಿತು. ಇಳಿಕೆಗೆ ಬೇರೆ ಕಾರಣಗಳೂ ಇರಬಹುದು. ಆದರೆ ಕೊಠಡಿಯಲ್ಲಿ ದೊಡ್ಡವರೇ ಉತ್ತರ ಹೇಳಿಕೊಟ್ಟದ್ದು, ಕಿಟಕಿಯಿಂದ ಚೀಟಿ ಬಂದದ್ದು ನಮ್ಮ ವೃತ್ತಿಯವರಿಗೆಲ್ಲ ಗೊತ್ತು. ಶಾಲೆಗೆ ಒಳ್ಳೆಯ ಹೆಸರು ಬರಲೆಂದು ಹೇಳಿಕೊಟ್ಟ ಆ ಒಂದು ಉತ್ತರ, ವರ್ಷವಿಡೀ ಹೇಳಿದ ನೀತಿಕಥೆಗಳನ್ನೆಲ್ಲ ಅಳಿಸಿಹಾಕುತ್ತದೆ. ಕ್ಯಾಮೆರಾ ಇದ್ದಾಗ ಕಾಪಿ ನಿಲ್ಲುವುದು ಶಿಸ್ತು. ಕ್ಯಾಮೆರಾ ಇಲ್ಲದಾಗಲೂ ನಿಂತರೆ ಅದು ನೀತಿ.

ಇದೇ ಮಕ್ಕಳು ಕಾಲೇಜಿಗೆ ಹೋಗುತ್ತಾರೆ. ಅಲ್ಲಿ ಸೀನಿಯರ್‌ಗಳ ಲ್ಯಾಬ್ ರೆಕಾರ್ಡ್ ನೋಡಿ ಬರೆಯುವುದು ತಪ್ಪೆಂದು ಯಾರಿಗೂ ಅನ್ನಿಸುವುದಿಲ್ಲ. ಪಿಎಚ್‌ಡಿ ಪ್ರಬಂಧದಲ್ಲಿ ಕೃತಿಚೌರ್ಯ ತಡೆಯಲು ಯುಜಿಸಿ 2018ರಲ್ಲಿ ನಿಯಮ ತಂದಿತು. ಶೇ. 10ರವರೆಗೆ ಹೋಲಿಕೆ ಇದ್ದರೆ ದಂಡನೆಯಿಲ್ಲ, ಶೇ. 60 ದಾಟಿದರೆ ನೋಂದಣಿಯೇ ರದ್ದು. ನಿಯಮ ಬೇಕು. ಆದರೆ 25ನೇ ವಯಸ್ಸಿನಲ್ಲಿ ಸಾಫ್ಟ್‌ವೇರ್ ಹಿಡಿಯುವ ಕಳವು 14ನೇ ವಯಸ್ಸಿನ ಪ್ರಾಜೆಕ್ಟ್ ಪುಸ್ತಕದಲ್ಲೇ ಶುರುವಾಗಿರುತ್ತದೆ. ಇಂಜಿನಿಯರಿಂಗ್ ಓದಿದ ನನ್ನ ಅಕ್ಕನ ಮಗ, ವೃತ್ತಿ ನೀತಿಯ ಪರೀಕ್ಷೆಗೆ ಹಿಂದಿನ ರಾತ್ರಿ ಜೆರಾಕ್ಸ್ ಅಂಗಡಿಯಿಂದ ಪ್ರಶ್ನೋತ್ತರ ತಂದು ಉರು ಹೊಡೆದು ಪಾಸಾದ. ಅದರ ಬದಲು 1986ರ ಜನವರಿಯಲ್ಲಿ ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಸ್ಫೋಟಿಸಿ ಏಳು ಮಂದಿ ಸತ್ತ ಪ್ರಕರಣವನ್ನು ಒಂದು ವಾರ ಚರ್ಚಿಸಿದ್ದರೆ? ಚಳಿಗೆ ರಬ್ಬರ್ ಉಂಗುರಗಳು ಕೈಕೊಡಬಹುದೆಂದು ಇಂಜಿನಿಯರುಗಳು ಹಿಂದಿನ ರಾತ್ರಿಯೇ ಎಚ್ಚರಿಸಿದ್ದರು. ಮೇಲಿನವರು ಕಿವಿಗೆ ಹಾಕಿಕೊಳ್ಳಲಿಲ್ಲ. ನೀನು ಅಲ್ಲಿದ್ದರೆ ಏನು ಮಾಡುತ್ತಿದ್ದೆ? ಈ ಪ್ರಶ್ನೆಗೆ ಜೆರಾಕ್ಸ್ ಅಂಗಡಿಯಲ್ಲಿ ಉತ್ತರ ಸಿಗುವುದಿಲ್ಲ.

ಇನ್ನು ಕಲಿಸುವವರ ಮಾತು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಮದುವೆಯಾಗದೆ, ಖಾದಿ ಉಟ್ಟು, ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲಿ ಬಾಳಿದರು. ಏಕೆ, ಹೇಗೆ ಎಂದು ಪ್ರಶ್ನಿಸಲು ವಿದ್ಯಾರ್ಥಿಗಳಿಗೆ ಹೇಳಿಕೊಟ್ಟರು. ಸರಳತೆಯ ಬಗ್ಗೆ ಅವರು ಭಾಷಣ ಮಾಡದೇ ಇದ್ದರೂ ಆ ಕೋಣೆಯನ್ನು ಕಂಡವರಿಗೆ ಪಾಠ ಆಗುತ್ತಿತ್ತು. ನಮಗೆಲ್ಲ ಅಷ್ಟು ದೊಡ್ಡ ಬದುಕು ಸಾಧ್ಯವಿಲ್ಲ. ತಪ್ಪು ಮಾಡಿದಾಗ ಮಕ್ಕಳ ಮುಂದೆ ತಪ್ಪಾಯಿತು ಎನ್ನುವುದು, ತಡವಾಗಿ ಬಂದ ದಿನ ತಡವಾಯಿತು ಎನ್ನುವುದು ಎಲ್ಲರಿಗೂ ಸಾಧ್ಯ.

ಶಿಕ್ಷಕ ಮಿತ್ರರಲ್ಲಿ ನನ್ನದೊಂದೇ ಕೋರಿಕೆ: ವಾರದ ಆ ಒಂದು ಪೀರಿಯಡ್ ಬಿಟ್ಟುಕೊಡಬೇಡಿ. ಅಲ್ಲಿ ನೀವು ಕಡಿಮೆ ಮಾತಾಡಿ, ಮಕ್ಕಳು ಹೆಚ್ಚು ಮಾತಾಡಲಿ. ತಂದೆ ತಾಯಂದಿರಲ್ಲೂ ಒಂದು ಮಾತು. ಮಗು 31 ಅಂಕ ತಂದರೆ ಬೈಯುವ ಮುನ್ನ ಪತ್ರಿಕೆಯನ್ನೊಮ್ಮೆ ತೆರೆದು ನೋಡಿ. ಅಲ್ಲಿ 33 ಹೊಡೆದುಹಾಕಿ 31 ಎಂದು ತಿದ್ದಿರಬಹುದು.